ಪಕ್ಕದ ಮನೆಯ ಪೊಲೀಸು

ಜಾರ್ಜಿಯಾದ ಹೊಸ ಸರ್ಕಾರ ಸಂಚಾರಿ ಪೊಲೀಸರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಿದ ಬೇಸಿಗೆಯಲ್ಲಿ ಓತಿಯಾ ಕೂಡ ಕೆಲಸ ಕಳೆದುಕೊಂಡ. ಹೆದ್ದಾರಿಯ ತಿರುವಿನಲ್ಲಿ ಪಟ್ಟೆ ಕೋಲು ಹಿಡಿದು ನಿಂತು ನಿಂತೇ ಅವನ ತಲೆ ನರೆತಿತ್ತು. ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ ಸಂಬಳವೆಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೋಲೆತ್ತಿದರೆ ಲಾರಿ ನಿಲ್ಲುತ್ತಿತ್ತು, ಕಿಟಕಿಯಿಂದ ಮಡಿಸಿದ ನೋಟು ಹೊರಬರುತ್ತಿತ್ತು. ಅದರಲ್ಲೇ ಮೇಲಿನವರಿಗೂ ಪಾಲು, ಮನೆಗೂ ಜೋಳದ ಹಿಟ್ಟು.

ಕೆಲಸ ಹೋದದ್ದನ್ನು ಅವನು ಹೇಗೋ ನುಂಗಿಕೊಂಡ. ಎಲ್ಲರದೂ ಹೋಗಿತ್ತಲ್ಲ. ನುಂಗಲಾಗದ್ದು ಬೇರೆಯೇ ಇತ್ತು. ಹೊಸ ಪಡೆಗೆ ಆರಿಸಿಕೊಂಡವರಲ್ಲಿ ಪಕ್ಕದ ಮನೆಯ ಎಲಿಸೊ ಇದ್ದಳು. ಬೇಲಿ ಹಾರಿ ಅವನ ಮರದ ಪ್ಲಮ್ ಕದ್ದು ತಿನ್ನುತ್ತಿದ್ದ ಹುಡುಗಿ! ಅವಳಿಗೆ ಇಸ್ತ್ರಿ ಮುರಿಯದ ಸಮವಸ್ತ್ರ, ಹೊಸ ಕಾರು, ತಪ್ಪದೆ ಕೈಸೇರುವ ಸಂಬಳ. ಓತಿಯಾನ ಕಾಲದಲ್ಲಿ ಬೂಟನ್ನೂ ಸ್ವಂತ ದುಡ್ಡಲ್ಲೇ ಕೊಳ್ಳಬೇಕಿತ್ತು. ಬೇಲಿಯಾಚೆ ಆ ಕಾರಿನ ಸದ್ದಾದರೆ ಸಾಕು, ಅವನು ಊಟ ಬಿಟ್ಟು ಏಳುತ್ತಿದ್ದ.

"ನೋಡ್ತಿರು, ಚಳಿ ಶುರುವಾಗೋ ಹೊತ್ತಿಗೆ ಇವಳೂ ಕೈ ಚಾಚ್ತಾಳೆ," ಅಂದ ಹೆಂಡತಿ ಸಿಯೂರಿಗೆ.

"ಚಾಚ್ಲಿ ಅಂತ ನೀನೇ ಹರಕೆ ಹೊತ್ತ ಹಾಗಿದೆಯಲ್ಲ!"

ಚಳಿ ಬಂತು, ಹೋಯಿತು. ಎಲಿಸೊ ಕೈ ಚಾಚಲಿಲ್ಲ. ವಸಂತದಲ್ಲಿ ಬೀದಿಯ ಮದುವೆಯೊಂದರಲ್ಲಿ ಪಾನಗೋಷ್ಠಿ ನಡೆಸುತ್ತಿದ್ದ ಹಿರಿಯ ದ್ರಾಕ್ಷಾರಸ ತುಂಬಿದ ಕೊಂಬಿನ ಬಟ್ಟಲೆತ್ತಿ, "ಲಂಚ ಮುಟ್ಟದ ನಮ್ಮ ಹುಡುಗಿಯ ಹೆಸರಲ್ಲಿ!" ಎಂದು ಕೂಗಿದ. ಎಲ್ಲರೂ ಎದ್ದು ನಿಂತು ಕುಡಿದರು. ಅಷ್ಟು ವರ್ಷ ಓತಿಯಾನಿಗೆ ಹೆದರಿ ಒಳ್ಳೆಯ ಕುರ್ಚಿ ಕೊಟ್ಟಿದ್ದರೇ ಹೊರತು, ಅವನ ಹೆಸರಲ್ಲಿ ಒಬ್ಬನೂ ಲೋಟ ಎತ್ತಿರಲಿಲ್ಲ. ಅವನು ತುಟಿ ಒದ್ದೆ ಮಾಡಿಕೊಂಡು ಕೂತ. 

ಮರುದಿನ ತನ್ನ ಹಳೆಯ ಕಾರು ತೆಗೆದು, ಬೆಲ್ಟ್ ಹಾಕದೆ, ಬೇಕೆಂದೇ ಎಲಿಸೊಳ ಕಾರಿನ ಮುಂದೆ ಓಡಿಸಿದ. ಅವಳು ಅಟ್ಟಿಸಿಕೊಂಡು ಬಂದು ನಿಲ್ಲಿಸಿದಳು.

"ಓತಿಯಾ ಮಾವ, ಬೆಲ್ಟ್ ಎಲ್ಲಿ?"

ಲಾರಿಯವರು ತನಗೆ ಚಾಚುತ್ತಿದ್ದಂತೆಯೇ ನೋಟು ಮಡಿಸಿ ಚಾಚಿದ. "ತಗೊಳ್ಳಮ್ಮ. ಯಾರಿಗೆ ಗೊತ್ತಾಗುತ್ತೆ?"

ಎಲಿಸೊಳ ಮುಖ ಬಿಳಿಚಿಕೊಂಡಿತು. "ಒಳಗಿಡು ಮಾವ! ಇದಕ್ಕೆ ಜೈಲಿದೆ. ನನ್ನ ಜೊತೆಯವನು ಕಾರಿಂದ ಇಳಿಯೋದ್ರೊಳಗೆ ಒಳಗಿಡು, ನಿಂಗೆ ಕೈ ಮುಗೀತೀನಿ." ಬೆಲ್ಟಿನ ದಂಡದ ಚೀಟಿ ಮಾತ್ರ ಬರೆದುಕೊಟ್ಟಳು.

ಓತಿಯಾನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ತಲೆಯಲ್ಲಿ ಮಿಂಚು ಹೊಳೆದಂತಾಯಿತು. ಲಂಚ ಕೊಡಲು ಬಂದವನನ್ನು ಹಿಡಿಯದೆ ಬಿಟ್ಟಳಲ್ಲ, ಅದೂ ತಪ್ಪೇ! ಸಿಕ್ಕಿಬಿದ್ದಳಲ್ಲ ಕೊನೆಗೂ! ನೆಟ್ಟಗೆ ಹೊಸ ಠಾಣೆಗೆ ಹೋದ. ಗೋಡೆಯೆಲ್ಲ ಗಾಜು, ಒಳಗಿನವರು ಹೊರಗೆ, ಹೊರಗಿನವರು ಒಳಗೆ ಕಾಣುವ ಕಟ್ಟಡ.

"ದೂರು ಕೊಡ್ಬೇಕಿತ್ತು," ಅಂದ. "ನಿಮ್ಮ ಪೊಲೀಸಿನವಳೊಬ್ಬಳು ಲಂಚ ಚಾಚಿದವನನ್ನ ಹಾಗೇ ಬಿಟ್ಟು ಕಳಿಸಿದಾಳೆ."

ಮೇಜಿನ ಹಿಂದಿದ್ದ ಯುವಕ ತಲೆಯೆತ್ತಿದ. "ಹೌದಾ? ಕೂತ್ಕೊಳ್ಳಿ. ಚಾಚಿದವನು ಯಾರು?"

ಓತಿಯಾ ತಿರುಗಿ ನೋಡಿದ. ಗಾಜಿನಾಚೆ ರಸ್ತೆಯಲ್ಲಿ ಹೋಗುವವರೆಲ್ಲ ತನ್ನನ್ನೇ ನೋಡುತ್ತಿದ್ದಂತೆ ಅನಿಸಿತು.

"ಏನಿಲ್ಲ ಬಿಡಪ್ಪ, ಯಾರೋ ಅಂದ ಮಾತು. ಬೆಲ್ಟಿನ ದಂಡ ಕಟ್ಟೋದೆಲ್ಲಿ?"

"ಎದುರಿನ ಬ್ಯಾಂಕಲ್ಲಿ."

ಮನೆಗೆ ಬಂದು ಸಿಯೂರಿಗೆ ನಡೆದದ್ದೆಲ್ಲ ಹೇಳಿದ. 

"ನಂಗೂ ಹಂಗೆ ಸಂಬಳ ಕೊಟ್ಟಿದ್ರೆ ನಾನೂ ಮುಟ್ತಿರ್ಲಿಲ್ಲ ಕಣೇ," ಅಂದ.

"ನಿಜವಾಗ್ಲೂ?"

ಅವನು ದಂಡದ ರಸೀದಿಯನ್ನು ಮಡಿಸಿ ಜೇಬಿಗಿಟ್ಟ. ಅದಾದ ಮೇಲಿನ ಬೇಸಿಗೆಯಿಂದ ಬಾಡಿಗೆ ವ್ಯಾನು ಓಡಿಸಿ ಸಂಸಾರ ತೂಗಿಸಿದ. ದಾರಿಯಲ್ಲಿ ಎಲಿಸೊ ಕಂಡರೆ ಅವಳು ಕೈಬೀಸುತ್ತಿದ್ದಳು, ಅವನೂ ಬೀಸುತ್ತಿದ್ದ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಆದರೆ ಅದು ಸುಡುತ್ತಿದ್ದದ್ದು ಅವಳ ಕಾರನ್ನೂ ಸಂಬಳವನ್ನೂ ನೆನೆದಲ್ಲ. ಲಂಚ ಮುಟ್ಟದೆ ಬದುಕಬಹುದಾದ, ಅವಳಿಗೆ ಸಿಕ್ಕ ಈ ಕಾಲ ತನ್ನ ಹರೆಯದಲ್ಲಿ ತನಗೆ ಸಿಗಲಿಲ್ಲವಲ್ಲ ಎಂದು.