ಬೀನ್ಸ್ ಬೇರು, ಅಕ್ಕನ ಮಜ್ಜಿಗೆ

ಮಾರ್ಕೆಟ್ಟಿನ ಸೊಪ್ಪನ್ನು ಮೋರಿ ನೀರಿನಲ್ಲಿ ಬೆಳೆಯುತ್ತಾರೆ, ಅದರಲ್ಲಿ ಸೀಸ ಇರುತ್ತದೆ ಎಂದು ಹೆದರಿ, ಕುಮಾರಸ್ವಾಮಿ ಲೇಔಟಿನ ನಮ್ಮ ತಾರಸಿಯಲ್ಲೇ ತರಕಾರಿ ಬೆಳೆಯಲು ಹೊರಟೆ. ಇಲ್ಲಿಯ ಮಣ್ಣನ್ನೂ ನಂಬಲಿಲ್ಲ. ಮಳೆ ಜಾಸ್ತಿ ಬೀಳುವ ಘಟ್ಟದ ಕಡೆಯ ಮಣ್ಣು, ಶುದ್ಧ ಎಂದು ನರ್ಸರಿಯವನು ಹೇಳಿದ್ದೇ ತಡ, ಮೂಟೆಗಟ್ಟಲೆ ಹೊರಿಸಿಕೊಂಡು ಬಂದೆ. ಹೆದರುವುದರಲ್ಲಿ ನಾನು ಜಿಪುಣನಲ್ಲ.

ಕುಂಡಗಳನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಳು. ಮನೆಯೊಳಗೆ ಅವಳು ಏನು ಮುಟ್ಟಿದರೂ ನನ್ನ ಹೆಂಡತಿಗೆ ಸರಿಬರುತ್ತಿರಲಿಲ್ಲ. ಅಕ್ಕನ ಪಾಲಿಗೆ ಉಳಿದದ್ದು ತಾರಸಿ ಒಂದೇ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ನಮ್ಮಮ್ಮನ ಕಾಲದ ಅಭ್ಯಾಸ. ಅಕ್ಕ ಬೀನ್ಸಿಗೂ ಅಲಸಂದೆಗೂ ಅದೇ ಉಪಚಾರ ಮಾಡಿದಳು.

ಬೀನ್ಸ್ ಮುರುಟಿಕೊಂಡು ಸತ್ತಿತು.

"ಸಿಂಕ್‌ಗೆ ಸುರಿಯೋದನ್ನ ಗಿಡಕ್ಕೆ ಸುರಿದ್ರೆ ಇನ್ನೇನಾಗತ್ತೆ? ಅತ್ತಿಗೆ ಕೈ ಹಾಕಿದ್ರೆ ಮುಗೀತು," ಎಂದಳು ಹೆಂಡತಿ, ಅಕ್ಕನಿಗೆ ಕೇಳಿಸುವಂತೆಯೇ. ಅಕ್ಕ ತಾರಸಿ ಹತ್ತುವುದನ್ನು ಬಿಟ್ಟಳು.

ನಾನು ಮಣ್ಣನ್ನೂ ಒಂದು ಸತ್ತ ಗಿಡವನ್ನೂ ಪರೀಕ್ಷೆಗೆ ಒಯ್ದು, ಮಜ್ಜಿಗೆಯ ಕಥೆಯನ್ನೂ ಹೇಳಿದೆ. ಲ್ಯಾಬಿನ ಮೇಡಂ ಮೋಟಾಗಿದ್ದ ಬೇರು ನೋಡಿ, "ಮಜ್ಜಿಗೆ ಪಾಪ, ಏನೂ ಮಾಡಿಲ್ಲ ಸಾರ್. ನೀವು ತಂದ ಮಣ್ಣೇ ಹುಳಿ. ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಬೆಳೆಯೋಕೇ ಬಿಡಲ್ಲ," ಎಂದರು. ಅಲಸಂದೆ ಸೊಂಪಾಗಿದೆಯಲ್ಲ ಎಂದೆ. ಕೆಲವು ಬೆಳೆಗಳು ಬೇರಿನ ತುದಿಯಿಂದ ತಮ್ಮದೇ ಒಂದು ಆಮ್ಲ ಒಸರಿ, ಆ ವಿಷವನ್ನು ಹೊರಗೇ ಕಟ್ಟಿಹಾಕುತ್ತವಂತೆ. ಅಲಸಂದೆ ತಡೆದುಕೊಳ್ಳುವ ಜಾತಿ, ಬೀನ್ಸ್ ನಾಜೂಕು. ಸುಣ್ಣ ಬೆರೆಸಿ ಎಂದು ಕಳಿಸಿದರು.

ಗೆದ್ದವನಂತೆ ಬಂದು, ಅಡುಗೆಮನೆಯಲ್ಲಿ ಇಬ್ಬರಿಗೂ ಕೇಳಿಸುವಂತೆ ಹೇಳಿದೆ.

"ಸರಿ ಬಿಡಿ, ಅತ್ತಿಗೆದು ತಪ್ಪಿಲ್ಲ. ಆದ್ರೂ ಆ ವಾಸನೆ?" ಎಂದಳು ಹೆಂಡತಿ.

ಅಕ್ಕ ನಕ್ಕಳು. "ಬಿಟಿಎಂ ಲೇಔಟಲ್ಲಿ ಒಂದು ಲೇಡೀಸ್ ಪಿ.ಜಿ.ಗೆ ಅಡುಗೆಗೆ ಕರೀತಿದ್ರು. ಬರ್ತೀನಿ ಅಂದ್ಬಿಟ್ಟೆ ಕಣೋ. ಇರೋಕೂ ರೂಮ್ ಕೊಡ್ತಾರೆ."

"ಅಷ್ಟು ಜನಕ್ಕೆ ಬೇಯಿಸ್ತೀಯಾ? ಬಿ.ಪಿ. ಬೇರೆ ಇದೆ. ಬಿದ್ದು ಗಿದ್ದು ಬಿಟ್ರೆ?"

"ನಿಂಗೆ ಬಿಡು, ಗಿಡ ಸತ್ರೂ ಭಯ, ಬದುಕಿದ್ರೂ ಭಯ. ಅಲ್ಲಿ ನಾನು ಕೊಂದಿಲ್ಲ ಅಂತ ಹೇಳೋಕೆ ಯಾರೂ ಲ್ಯಾಬಿಗೆ ಹೋಗ್ಬರ್ಬೇಕಾಗಿಲ್ಲ."

ಭಾನುವಾರ ಅವಳನ್ನು ಬಸ್ಸು ಹತ್ತಿಸಿ ಬಂದೆ.

ಸುಣ್ಣ ಬೆರೆಸಿ ಮತ್ತೆ ಹಾಕಿದ ಬೀನ್ಸ್ ಈಗ ಚೆನ್ನಾಗಿಯೇ ಕಾಯಿ ಬಿಡುತ್ತಿದೆ. "ಅತ್ತಿಗೆಗೂ ಕೊಟ್ಟು ಬನ್ನಿ," ಎಂದು ಹೆಂಡತಿ ಪಲ್ಯ ಡಬ್ಬಿಗೆ ಹಾಕಿ ಕೊಡುತ್ತಾಳೆ. ಪಿ.ಜಿ. ಗೇಟಿನಲ್ಲಿ ಸೆಕ್ಯುರಿಟಿಯವನು, "ಗಂಡಸರನ್ನ ಒಳಗೆ ಬಿಡಲ್ಲ ಅಂಕಲ್, ಅಡುಗೆ ಆಂಟಿ ಬಿಜಿ ಇದಾರೆ," ಎನ್ನುತ್ತಾನೆ. ಡಬ್ಬಿ ಅವನ ಕೈಗಿತ್ತು ಬರುತ್ತೇನೆ. ಅದು ಅಕ್ಕನಿಗೆ ತಲುಪುತ್ತದೋ ಇಲ್ಲವೋ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.