ಆಲೆಟ್ಟಿಯ ಕೂಗುವ ಹೇಂಟೆ

ಕೊರೋನಾದ ಗಲಾಟೆ ತಣ್ಣಗಾದ ವರ್ಷ. ನಾನಾಗ ಸುಳ್ಯ ತಾಲೂಕಿನಲ್ಲಿ ಪಶುವೈದ್ಯಾಧಿಕಾರಿ. ಮನೆ ಪುತ್ತೂರಿನ ದರ್ಬೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ದನಗಳ ಕಷ್ಟದ ಹೆರಿಗೆ, ಕೆಚ್ಚಲು ಬಾವು, ಹುಚ್ಚುನಾಯಿ ಕಚ್ಚಿದ ಕರು, ಎಲ್ಲವನ್ನೂ ನೋಡಿದ್ದೆ. ಒಂದು ಊರ ಕೋಳಿಗಾಗಿ ಆಸ್ಪತ್ರೆಗೆ ಬಂದು ಕಣ್ಣೀರು ಹಾಕಿದವರನ್ನು ಮಾತ್ರ ಕಂಡಿರಲಿಲ್ಲ.

ಬಂದವರು ಆಲೆಟ್ಟಿಯ ಭವಾನಿಯಕ್ಕ. “ಮೇಡಂ, ನಮ್ಮ ಹೇಂಟೆ ಹುಂಜದ ಹಾಗೆ ಕೂಗ್ತಾ ಉಂಟು. ಆ ಕೂಗು ಒಂದು ನಿಲ್ಲಿಸ್ಲಿಕ್ಕೆ ಮದ್ದು ಉಂಟಾ?” ಎಂದು ಕೇಳಿದರು.

ಹೇಂಟೆ ಕೂಗಿದರೆ ಮನೆಗೆ ಕೇಡು, ಕೂಡಲೇ ಕೊಯ್ಯಬೇಕು ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಭವಾನಿಯಕ್ಕನ ಗಂಡ ಪದ್ಮಯ್ಯ ಬಾಡಿಗೆ ಜೀಪು ಓಡಿಸುತ್ತಿದ್ದವರು. ಆ ಬೇಸಗೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಪಕ್ಕದ ಮನೆಯಲ್ಲಿದ್ದ ಅವರ ಅಣ್ಣ ಕುಶಾಲಪ್ಪ ಅದಕ್ಕೆಲ್ಲ ಹೇಂಟೆಯೇ ಕಾರಣ, ಕೊಯ್ಯಲೇಬೇಕು ಎಂದು ಹಟ ಹಿಡಿದಿದ್ದರು.

“ನಮ್ಮ ಯಜಮಾನ್ರೇ ಸಾಕಿದ್ದು ಮೇಡಂ. ಮುಂಗುಸಿ ಉಳಿದ ಮರಿಗಳನ್ನೆಲ್ಲ ಹಿಡಿದ ಮೇಲೆ ಇದೊಂದೇ ಉಳಿದದ್ದು. ಈಗ್ಲೂ ಇವರ ಎಡಗೈಯಿಂದ ಅನ್ನ ತಿನ್ನುದು. ಅದು ಬಂದ್ರೆ ಮಾತ್ರ ಇವರ ಮುಖದಲ್ಲಿ ನಗೆ ಕಾಣುದು.”

ಅದೇ ಮಧ್ಯಾಹ್ನ ಹೋದೆ. ಜಗಲಿಯ ಮಂಚದಲ್ಲಿ ಪದ್ಮಯ್ಯ ಅಂಗಳದ ಕಡೆ ಮುಖ ಮಾಡಿ ಮಲಗಿದ್ದರು. ಹೇಂಟೆಗೆ ಹುಂಜದಷ್ಟೇ ದೊಡ್ಡ ಕೆಂಪು ಜುಟ್ಟು, ಕಾಲಲ್ಲಿ ಹುಂಜಕ್ಕಿರುವಂಥ ಮುಳ್ಳು, ಬಾಲದಲ್ಲಿ ಬಾಗಿದ ಹೊಸ ಗರಿ. ಮೊಟ್ಟೆ ನಿಂತು ಎಷ್ಟೋ ತಿಂಗಳಾಗಿತ್ತಂತೆ. ನಾನು ನೋಡುತ್ತಿದ್ದಂತೆ ಮಣ್ಣು ಕೆದಕಿ ಹುಳ ಕಂಡು, ತಾನು ತಿನ್ನದೆ ಬೇರೆ ಹೇಂಟೆಗಳನ್ನು ಕರೆಯಿತು. ಒಂದರ ಬೆನ್ನೇರಿತು. ಆಮೇಲೆ ಕತ್ತು ಚಾಚಿ ಒಡಕು ದನಿಯಲ್ಲಿ ಕೂಗಿತು. ಪದ್ಮಯ್ಯನವರ ಬಾಯಿಯ ಒಂದು ಬದಿ ಮೇಲೇರಿತು. ಅದೇ ಅವರ ನಗೆ.

ಕುಶಾಲಪ್ಪನವರು ಬಂದು ಕುಳಿತರು. ನಾನು ಬಿಡಿಸಿ ಹೇಳಿದೆ: ಕೋಳಿಗೆ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುವುದು. ಅದು ರೋಗದಿಂದ ಹಾಳಾದರೆ ಹೆಣ್ಣಿನ ಹಾರ್ಮೋನು ಕಡಿಮೆಯಾಗುತ್ತದೆ. ಬಲಗಡೆ ಮುದುಡಿಕೊಂಡಿರುವ ಅಂಗ ಬೆಳೆದು ಗಂಡಿನ ಹಾರ್ಮೋನು ಕೊಡುವುದೂ ಉಂಟು. ಜುಟ್ಟು, ಗರಿ, ಕೂಗು ಬರುವುದು ಹಾಗೆ. ಇದಕ್ಕೆ ಮದ್ದಿಲ್ಲ, ಇದರಿಂದ ಯಾರಿಗೂ ಕೇಡಿಲ್ಲ.

“ದನ ದನದ ಮೇಲೆ ಹಾರಿದರೆ ನೀವು ಅಪಶಕುನ ಅಂತೀರಾ? ಬೆದೆಗೆ ಬಂತು ಅಂತ ನನಗೇ ಫೋನ್ ಮಾಡ್ತೀರಿ. ಇದೂ ಪ್ರಾಣಿಗಳಲ್ಲಿ ಇರುವಂಥದ್ದೇ” ಎಂದೆ.

ಅವರು ತಲೆಯಾಡಿಸಿದರು. ಭವಾನಿಯಕ್ಕನಿಗೆ ಸ್ವಲ್ಪ ಧೈರ್ಯ ಬಂತು. “ಭಾವ, ಅದು ಕೂಗಲಿಕ್ಕೆ ಶುರು ಮಾಡಿದ್ದು ಇವರು ಬಿದ್ದ ಮೇಲೆ ಅಲ್ವಾ? ಮತ್ತೆ ಅದರಿಂದ ಹೇಗೆ ಆಗುದು?”

ಕುಶಾಲಪ್ಪನವರು ನನ್ನ ಕಡೆ ತಿರುಗಿದರು. “ಡಾಕ್ಟ್ರೆ, ಈ ರೋಗ ಒಳಗೆ ಶುರುವಾದದ್ದು ಯಾವಾಗ?”

“ಕೂಗುವುದಕ್ಕೆ ತಿಂಗಳುಗಳ ಮೊದಲೇ ಇರಬೇಕು.”

“ಹಾಗಾದ್ರೆ ತಮ್ಮ ಬೀಳುವ ಮೊದಲೇ.”

ಕುಶಾಲಪ್ಪ ಕೆಟ್ಟವರಲ್ಲ. ತಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದವರು ಅವರೇ, ದಿನಾ ಎತ್ತಿ ಮೀಯಿಸುವವರೂ ಅವರೇ. ಅವರ ಕಣ್ಣಿನಲ್ಲಿ ಗೆದ್ದ ಹಮ್ಮು ಇರಲಿಲ್ಲ, ಸಮಾಧಾನ ಇತ್ತು. ಆದರೂ ಎರಡಕ್ಕೂ ಸಂಬಂಧವಿಲ್ಲ ಎಂದೆ. “ಆಯ್ತು ಡಾಕ್ಟ್ರೆ, ಚಾ ಕುಡಿಯಿರಿ” ಎಂದರು.

ಹೊರಡುವಾಗ, ಹೇಂಟೆಯನ್ನು ದರ್ಬೆಯ ಮನೆಗೆ ನಾನೇ ಒಯ್ಯುತ್ತೇನೆ ಎಂದೆ. ಪದ್ಮಯ್ಯ ಎಡಗೈಯಿಂದ ಮಂಚದ ಅಂಚನ್ನು ಬಡಿದರು, ಮತ್ತೆ ಮತ್ತೆ. “ಬೇಡ ಮೇಡಂ, ಇವರು ಹುಡುಕ್ತಾರೆ” ಎಂದರು ಭವಾನಿಯಕ್ಕ. ಸತ್ತರೆ ಆಸ್ಪತ್ರೆಗೆ ತನ್ನಿ, ಕೊಯ್ದು ಪರೀಕ್ಷೆ ಮಾಡುತ್ತೇನೆ ಎಂದಷ್ಟೇ ಹೇಳಿ ಬಂದೆ.

ಮಳೆ ಹಿಡಿದ ಮೇಲೆ ಭವಾನಿಯಕ್ಕ ಕರುವಿನ ಹುಳದ ಮದ್ದಿಗೆ ಬಂದರು. ನಾನು ಕೇಳುವ ಮೊದಲೇ ಹೇಳಿದರು. ಅವರು ಸೊಸೈಟಿಗೆ ಹಾಲು ಕೊಡಲು ಹೋಗಿದ್ದಾಗ ಭಾವ ಹೇಂಟೆಯ ಕೆಲಸ ಮುಗಿಸಿದ್ದರು. ತಿನ್ನಲಿಲ್ಲ, ಇಡಿಯಾಗಿ ಹೂತರು. ಒಳಗೆ ಏನಾಗಿತ್ತೆಂದು ನಾನು ನೋಡುವಂತಿರಲಿಲ್ಲ. ನನ್ನ ರೋಗನಿದಾನ ಅಂದಾಜಾಗಿಯೇ ಉಳಿಯಿತು.

“ಇವರಿಗೆ ಎಂತ ಗುಣ ಆಗಲಿಲ್ಲ. ಈಗ ಗೋಡೆ ಕಡೆ ತಿರುಗಿ ಮಲಗುದು. ಭಾವ ಬಂದ್ರೆ ಕಣ್ಣು ಮುಚ್ಚಿಕೊಳ್ತಾರೆ. ಮೊನ್ನೆ ಭಾವ ಮಂಚದ ಹತ್ತಿರ ಕೂತು ಅತ್ತರು.”

ಕಾರಣ ತಿಳಿದರೆ ಭಯ ಹೋಗುತ್ತದೆ ಎಂದು ಸೇವೆಯುದ್ದಕ್ಕೂ ನಂಬಿದ್ದೆ. ಆದರೆ ಹೆದರಿದವರಿಗೆ ಬೇಕಾದದ್ದು ಕಾರಣವಲ್ಲ; ಕೈಗೆ ಸಿಗುವ ಒಂದು ತಪ್ಪಿತಸ್ಥ ಜೀವ. ನಮ್ಮ ವಿದ್ಯೆಗೆ ಅದರ ಎದುರು ನಿಲ್ಲುವ ಶಕ್ತಿ ಎಷ್ಟು ಕಡಿಮೆ ಎಂಬುದನ್ನು ಕೆಲಸ ನನಗೆ ತೀರ ಕೊನೆಗೆ ಕಲಿಸಿತು.

ಮದ್ದಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಭವಾನಿಯಕ್ಕ ಕೇಳಿದರು, “ಮೇಡಂ, ಅದು ಕಡೆಗೆ ಹೇಂಟೆಯಾ, ಹುಂಜವಾ?”

“ಹೇಂಟೆಯೇ. ಕೂಗುವ ಹೇಂಟೆ.”

“ಇವರಿಗೆ ಹೇಳ್ತೇನೆ” ಎಂದು ಕೊಡೆ ಬಿಡಿಸಿ ಹೊರಟರು.