ಕಾಕಾನ ಎತ್ತರ

ಧಾರವಾಡದಲ್ಲಿ ನಾನು ಎಂ.ಎ. ಓದಿದ್ದು ಮಾನವಶಾಸ್ತ್ರ. ಬೇರೆ ವಿಷಯಕ್ಕೆ ಸೀಟು ಸಿಗದೆ ಸೇರಿದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಎರಡನೆಯ ವರ್ಷ ಪ್ರಬಂಧಕ್ಕಾಗಿ ಯಾವುದಾದರೂ ಸಮುದಾಯದ ಜನರ ಮೈ ಅಳೆದು ತರಬೇಕಿತ್ತು. ದೂರದ ಕಾಡಿಗೆ ಹೋಗುವ ತಾಕತ್ತು ನನಗೆಲ್ಲಿ? ರಾಯಬಾಗ ತಾಲೂಕಿನ ನಮ್ಮೂರಿಗೇ, ಕುರಿ ಕಾಯುವ ನನ್ನ ಬಳಗದ ನಡುವೆಯೇ ಅಳತೆಗೋಲು ಹಿಡಿದು ಬಂದೆ.

ಒಬ್ಬರೂ ನಿಲ್ಲಲಿಲ್ಲ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ; ಕುಣಿ ತೋಡುವ ಮೊದಲು ಹೆಣದ ಉದ್ದವನ್ನು ದಾರದಿಂದ ಅಳೆಯುತ್ತಾರೆ. ಬದುಕಿರುವವರನ್ನು ನೆತ್ತಿಯಿಂದ ಅಂಗಾಲಿನವರೆಗೆ ಅಳೆಯುವುದು ಅಪಶಕುನ. ಇದನ್ನು ಕಂಡೇ ಬೆಳೆದವನು, ಎರಡು ವರ್ಷ ಜನರ ನಂಬಿಕೆಗಳ ಬಗ್ಗೆ ಓದಿ, ಅದನ್ನೇ ಮರೆತು ಬಂದಿದ್ದೆ.

ಅಪ್ಪ ತೀರಿದ ಮೇಲೆ ನನ್ನನ್ನು ಸಾಕಿದ ಕಾಕಾ ಮಾತ್ರ ರುಮಾಲು ತೆಗೆದಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತ.

"ಬ್ಯಾಡ್ರಿ, ಕೆಟ್ಟ ಆಕ್ಕೈತಿ," ಅಂದಳು ಅವನ ಹೆಂಡತಿ, ನನ್ನ ಕಾಕು.

"ನೀ ಸುಮ್ನಿರು," ಎಂದು ಅವಳನ್ನು ಗದರಿ ಕಾಕಾ ನನ್ನ ಕಡೆ ತಿರುಗಿದ. "ಅಳೀಲೇ ತಮ್ಮಾ. ಇದರಿಂದ ನೌಕರಿ ಸಿಗತೈತೆಲ್ಲಾ?"

"ಸಿಗತೈತಿ ಕಾಕಾ."

ನೂರಾ ಅರವತ್ತಮೂರು ಸೆಂಟಿಮೀಟರ್ ಎಂದು ವಹಿಯಲ್ಲಿ ಬರೆದುಕೊಂಡೆ. ಅವನನ್ನು ನೋಡಿ ಉಳಿದವರೂ ನಿಂತರು.

ಡಿಗ್ರಿ ಬಂತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಎಂದು ಕಾಲೇಜುಗಳ ಮೆಟ್ಟಿಲು ಹತ್ತಿ ಇಳಿದೆ. ಎಲ್ಲೂ ಆ ವಿಷಯವನ್ನೇ ಕಲಿಸುತ್ತಿರಲಿಲ್ಲ. ಒಬ್ಬ ಪ್ರಾಚಾರ್ಯರು ಅರ್ಜಿ ತಿರುವಿ ನೋಡಿ, "ಮಂಗ್ಯಾ ಹೋಗಿ ಮನಷ್ಯಾ ಆದ ಪಾಠ ಏನ್ರಿ ಇದು? ಹೈಸ್ಕೂಲಿನ್ಯಾಗ ಮುಗದೈತೆಲ್ಲರಿ," ಎಂದು ನಕ್ಕು ಚಹಾ ಕುಡಿಸಿ ಕಳಿಸಿದರು. ಚಹಾ ಚೆನ್ನಾಗಿತ್ತು. ಮ್ಯೂಸಿಯಂ, ಸರ್ವೆ ಎಂದು ನಮ್ಮ ಸರ್ ಹೇಳಿದ್ದ ನೌಕರಿಗಳಿಗೂ ಬರೆದೆ. ಕಾಯುತ್ತಲೇ ವಯಸ್ಸು ಮೀರಿತು. ಕಡೆಗೆ ಶಿರಗುಪ್ಪಿ ಕಡೆ ಸಕ್ಕರೆ ಕಾರ್ಖಾನೆಯೊಂದಕ್ಕೆ ಕಬ್ಬಿನ ಹೊಲ ಅಳೆಯುವ ಹಂಗಾಮಿ ಕೆಲಸ ಹಿಡಿದೆ.

ಊರಿಗೆ ಹೋದಾಗಲೆಲ್ಲ ಕಾಕಾ ಕೇಳುತ್ತಿದ್ದ: "ಕಾಲೇಜಿಂದ ಕಾಗದ ಬಂತೇನೋ?"

"ಬರತೈತಿ ಕಾಕಾ," ಅನ್ನುತ್ತಿದ್ದೆ. ಅರ್ಜಿ ಹಾಕುವುದನ್ನೇ ಬಿಟ್ಟು ಎಷ್ಟೋ ದಿನವಾಗಿತ್ತು. ಅವನ ಮುಖ ನೋಡಿ ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ದಾರ ಹಿಡಿದು ಒಳಗೆ ಬಂದ ಹಿರಿಯರನ್ನು ಕಾಕು ತಡೆದಳು. "ಮತ್ತ ಯಾಕ ಅಳೀತೀರಿ? ಇಂವ ಆವಾಗನ ಅಳದಾನ." ನನ್ನ ಕಡೆ ತಿರುಗಿ, "ನಿನ್ನ ವಹಿ ತಗೊಂಬಾ," ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಟ್ರಂಕಿನ ತಳದಿಂದ ವಹಿ ತೆಗೆದೆ. ನನ್ನ ಓದಿನಿಂದ ಯಾರಾದರೂ ಏನಾದರೂ ಕೇಳಿದ್ದು ಅದೊಂದೇ ಸಲ. ಕುಣಿ ತೋಡುವವರು ಹೊರಗೆ ಕಾಯುತ್ತಿದ್ದರು. ಸೆಂಟಿಮೀಟರು ಅವರಿಗೆ ತಿಳಿಯುವುದಿಲ್ಲವೆಂದು ಫೂಟು, ಇಂಚು ಮಾಡಿ ಹೇಳಿದೆ.